ಮುಂದಿನ ಸೀಟಿನ ಮೂಟೆ

ಆಗಸ್ಟ್ 3

ಅಪ್ಪನಿಗೆ,

ಹೋದ ಭಾನುವಾರ ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಹ್ಞಾಂ, ಸರಿ ಸರಿ" ಅಂದೆ. ಕೊನೆಗೆ ಪರೀಕ್ಷೆ ಮಾಡಲೆಂದು, ಅಪ್ಪಾ ಹಾಸ್ಟೆಲ್‌ಗೆ ಬೆಂಕಿ ಬಿದ್ದಿದೆ ಅಂದೆ. ಅದಕ್ಕೂ ನೀನು "ಒಳ್ಳೇದಾಯ್ತು ಬಿಡು" ಅಂದೆ. ಇಷ್ಟು ವರ್ಷ ಎಂಜಿನ್ ಪಕ್ಕ ಕೂತ ಕಿವಿಗೆ ಫೋನು ಬರೀ ಶಾಸ್ತ್ರಕ್ಕೆ ಎಂದು ಅಮ್ಮ ಹೇಳುವುದು ನಿಜ. ಅಲ್ಲದೆ ಇಲ್ಲಿ ಮೊದಲ ವರ್ಷದವರ ಫೋನು ವಾರವೆಲ್ಲ ವಾರ್ಡನ್ ಕಪಾಟಿನಲ್ಲಿರುತ್ತದೆ, ಭಾನುವಾರ ಮಧ್ಯಾಹ್ನ ಮಾತ್ರ ಕೈಗೆ ಸಿಗುತ್ತದೆ. ಹಾಗಾಗಿ ಸ್ಕೂಲಿನಲ್ಲಿದ್ದಾಗಿನಂತೆ ಮತ್ತೆ ಪತ್ರವೇ ಗತಿ.

ಒಂದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳಿಗೆ ಇನ್ನೊಂದು ಹಾಸ್ಟೆಲ್ ಏನು ಮಹಾ ಎಂದು ಬಸ್ಸಿನ ಕಿಟಕಿಯ ಹತ್ತಿರ ನಿಂತು ಹೇಳಿದ್ದೆಯಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ರೂಮು ಮೂರನೇ ಮಹಡಿಯಲ್ಲಿದೆ. ಕಿಟಕಿ ತೆಗೆದರೆ ಎದುರಿಗೆ ನೀರಿನ ಟ್ಯಾಂಕು, ಅದರ ಮೇಲೆ ಸದಾ ಒಬ್ಬ ಪ್ಲಂಬರ್. ರೂಮ್‌ಮೇಟ್‌ಗೆ ನಾನು ಅಲಾರಂ ಎಂದು ಹೆಸರಿಟ್ಟಿದ್ದೇನೆ. ದಿನಾ ಐದು ಅಲಾರಂ ಇಟ್ಟು ಮಲಗುತ್ತಾಳೆ, ಐದಕ್ಕೂ ಏಳುವುದು ನಾನು.

ಕ್ಲಾಸಿನಲ್ಲಿ ನಾನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಮೇಷ್ಟ್ರು ಒಂದು ಪುಟ ದಾಟಿರುತ್ತಾರೆ. ಉಳಿದವರೆಲ್ಲ ಇದನ್ನು ಹಿಂದಿನ ಜನ್ಮದಲ್ಲೇ ಓದಿಕೊಂಡು ಬಂದವರಂತೆ ತಲೆಯಾಡಿಸುತ್ತಾರೆ. ಎರಡು ಹೆಚ್ಚಿನ ಸಬ್ಜೆಕ್ಟ್ ತೆಗೆದುಕೊಳ್ಳಲೇ ಎಂದು ಕೇಳಿದಾಗ "ತಗೋ, ತಡೆಯುತ್ತೆ" ಅಂದಿದ್ದೆಯಲ್ಲ, ತೆಗೆದುಕೊಂಡಿದ್ದೇನೆ. ಕೂತರೆ ನಿಲ್ಲಬೇಕು ಅನ್ನಿಸುತ್ತದೆ, ನಿಂತರೆ ಕಾರಿಡಾರಿನಲ್ಲಿ ಓಡಾಡಬೇಕು ಅನ್ನಿಸುತ್ತದೆ. ಕೆಳಗಿನ ಮಹಡಿಯವರು ನನ್ನ ಚಪ್ಪಲಿ ಸದ್ದಿಗೆ ಕಂಪ್ಲೇಂಟ್ ಕೊಟ್ಟಿದ್ದಾರೆ. ಬರಿಗಾಲಿನಲ್ಲಿ ಓಡಾಡುತ್ತಿದ್ದೇನೆ.

ಊಟ ಚೆನ್ನಾಗಿದೆ. ಚೆನ್ನಾಗಿ ಮಾಡುತ್ತಿದ್ದೇನೆ.

ಅಲಾರಂಗೆ ನನ್ನ ಹೆಸರಿನ ಕಥೆ ಹೇಳಿದೆ. ನೀನು ಕಟ್ಟಿದ ಬೋಟಿನ ಟ್ರಯಲ್‌ಗೆ ಮುಂದೆ ಇಡುವ ಮರಳು ಮೂಟೆ ಹರಿದುಹೋದ ದಿನ, ದಡದಲ್ಲಿ ಅಳುತ್ತಾ ನಿಂತಿದ್ದ ನನ್ನನ್ನು ಎತ್ತಿ ಮುಂದಿನ ಎಡ ಸೀಟಿನಲ್ಲಿ ಕೂರಿಸಿದ್ದು, ಅಂದಿನಿಂದ ನಾನೇ ಮೂಟೆ ಆದದ್ದು. ಅವಳು ನಕ್ಕಿದ್ದೇ ನಕ್ಕಿದ್ದು.

ಹೊಸ ಬೋಟಿನ ಸುದ್ದಿ ಬರೆ. ರಜೆಯ ಕೊನೆಯಲ್ಲಿ 250 ಎಚ್‌ಪಿ ಎಂಜಿನ್ ಹಾಕಿ ಹೋದೆವಲ್ಲ, ನನ್ನ ಕೈಯಲ್ಲಿದ್ದ ಲೋಟದ ನೀರು ತುಳುಕಲಿಲ್ಲ. ಆ ಸವಾರಿ ದಿನಾ ನೆನಪಾಗುತ್ತದೆ.

ನಿನ್ನ
ಮೂಟೆ

ಆಗಸ್ಟ್ 16

ಮೂಟೆಗೆ,

ಬೆಂಕಿ ವಿಷಯ ಅಮ್ಮ ಓದಿ ಹೇಳಿದಳು. ಈಗ ಆರಿದೆ ತಾನೆ?

300 ಎಂಜಿನ್ ಬಂತು. ಈ ಬೋಟು ಕಟ್ಟಿಸಿದ ಹಲ್ಲಿನ ಡಾಕ್ಟರು ಪರಿಚಯದವರ ಹತ್ತಿರ ಟ್ರಯಲ್‌ಗೆಂದು ಕೇಳಿ ತರಿಸಿದ್ದಾರೆ. ಬೋಟು ಅವರದು, ಆಸೆಯೂ ಅವರದು, ಆದರೆ ಹಿಂದಿನ ಹಲಗೆಗೆ ಹೊಡೆಯುವ ತಗಡಿನ ಮೇಲೆ ಅಂಕಿ ಮಾತ್ರ ನನ್ನದು. ಈ ಬಾಡಿ ಹೆಚ್ಚೆಂದರೆ ಎಷ್ಟು ಎಚ್‌ಪಿ ತಡೆಯುತ್ತದೆ ಎಂದು ಕಟ್ಟಿದವನು ಹೇಳಬೇಕು. ಆ ಅಂಕಿ ನಂಬಿ ಯಾರ ಮನೆ ಮಕ್ಕಳೋ ಕೂರುತ್ತಾರೆ.

ಒಂದೇ ಎಂಜಿನ್ ಬೋಟಿಗೆ ಶಕ್ತಿ ಕಡಿಮೆ ಆದರೆ ಎಮ್ಮೆ ಹಾಗೆ ನೀರಲ್ಲೇ ಕೂತಿರುತ್ತೆ, ಮೇಲೇಳಲ್ಲ. ಎಂಜಿನ್ನೂ ಏದುಸಿರು ಬಿಟ್ಟು ಬೇಗ ಹಾಳಾಗುತ್ತೆ. ಜಾಸ್ತಿ ಆದರೆ ಏನಾಗುತ್ತೆ ಅನ್ನೋದು ಮೊನ್ನೆ ಗೊತ್ತಾಯಿತು. ಮುಕ್ಕಾಲು ಥ್ರಾಟಲ್ ಕೊಡುತ್ತಿದ್ದ ಹಾಗೆ ಮೂತಿ ಮೇಲೆದ್ದು, ಬೋಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡೋಕೆ ಶುರು ಮಾಡಿತು. ಪ್ರೊಪೆಲ್ಲರ್ ಬದಲಾಯಿಸಬೇಕು ಅನ್ನಿಸುತ್ತೆ. ಎಂಜಿನ್ ಎತ್ತರ ಸ್ವಲ್ಪ ಇಳಿಸಿ ನೋಡ್ತೀನಿ. ಸರಿ ಹೋಗುತ್ತೆ.

ಮೂಟೆ ಅಂದರೆ ನಗುವವರ ಜೊತೆ ಸೇರು, ಒಳ್ಳೆಯವರು. ಊಟ ಬಿಡಬೇಡ.

ಅಪ್ಪ

ಅಪ್ಪ ಬರೆಯದೇ ಬಿಟ್ಟದ್ದು: ಬಲಭುಜ ನೀಲಿಗಟ್ಟಿದೆ. ಕೇಳಿದರೆ ಬಾಗಿಲು ತಗುಲಿತು ಅನ್ನುತ್ತಾರೆ. ನಮ್ಮ ಶೆಡ್ಡಿಗೆ ಬಾಗಿಲು ಎಲ್ಲಿದೆ, ಇರುವುದು ಶಟರ್. – ಅಮ್ಮ

ಆಗಸ್ಟ್ 24

ಅಪ್ಪನಿಗೆ,

ಭುಜಕ್ಕೆ ಏನಾಯಿತು? ಶಟರ್ ತಗುಲಿತು ಎಂದು ಮಾತ್ರ ಬರೆಯಬೇಡ.

ನಿನ್ನ ಪತ್ರ ಬಂದ ಮೇಲೆ ಓದಿದ್ದು ತಲೆಗೆ ಹೋಗುತ್ತಿಲ್ಲ. ಮೊದಲೂ ಹೋಗುತ್ತಿರಲಿಲ್ಲ, ಈಗ ಕಾರಣ ಸಿಕ್ಕಿದೆ. ಡಾಕ್ಟರಿಗೆ 300 ಯಾಕೆ ಬೇಕು? 250ರಿಂದ 300ಕ್ಕೆ ಹೋದರೆ ವೇಗ ಕೊಂಚವೇ ಹೆಚ್ಚುತ್ತದೆ, ಪೆಟ್ರೋಲು ಮಾತ್ರ ಬಿಂದಿಗೆಗಟ್ಟಲೆ ಸುರಿಯಬೇಕು ಎಂದು ನೀನೇ ಹೇಳುತ್ತಿದ್ದೆ. ಆಚೆ ದಡದ ಬೋಟ್ ಕಟ್ಟುವವನು 300 ಹಾಕುತ್ತಾನೆ ಎಂದು ನಾವೂ ಹಾಕಬೇಕೇ? ಹಿಂದೆ ಅವನ ಬಗ್ಗೆ ನೀನು ಏನೇನು ಅಂದಿದ್ದೆ ಎಂದು ಇಲ್ಲಿ ಬರೆಯಲಾರೆ, ವಾರ್ಡನ್ ಪತ್ರ ಒಡೆದು ನೋಡುತ್ತಾರಂತೆ.

ಮೊದಲ ಟೆಸ್ಟ್ ಆಯಿತು. ಸುಮಾರಾಗಿ ಬರೆದಿದ್ದೇನೆ. ಹಾಲ್‌ನಲ್ಲಿ ನನ್ನ ಕಾಲು ಒಂದೇ ಸಮ ಕುಣಿಯುತ್ತಿತ್ತು, ಹಿಂದಿನ ಬೆಂಚಿನವಳು ಸ್ಕೇಲಿನಲ್ಲಿ ಚುಚ್ಚಿ ನಿಲ್ಲಿಸಿದಳು. ಒಂದು ವಾರ ಮನೆಗೆ ಬಂದು ಹೋಗಲೇ? ಬಂದರೆ ಟ್ರಯಲ್‌ಗೂ ಜೊತೆಯಾಗುತ್ತೇನೆ. ಅಟೆಂಡೆನ್ಸ್ ಏನೋ ಹೊಂದಿಸಬಹುದು.

ಊಟ ಎಂದಿನಂತೆ ಚೆನ್ನಾಗಿದೆ.

ನಿನ್ನ
ಮೂಟೆ

ಸೆಪ್ಟೆಂಬರ್ 9

ಮೂಟೆಗೆ,

ಬರಬೇಡ. ಸೆಮಿಸ್ಟರ್ ನಡುವೆ ಎದ್ದು ಬಂದರೆ ವಾಪಸು ಹೋಗೋಕೆ ಕಾಲು ಬರಲ್ಲ. ಸ್ಕೂಲಿನಲ್ಲಿದ್ದಾಗ ಒಂದು ಸಲ ಹಾಗೆ ಬಂದು, ಮಂಚದ ಕಾಲು ಹಿಡಿದು ಕೂತದ್ದು ಮರೆತಿಲ್ಲ ನಾನು.

ಪ್ರೊಪೆಲ್ಲರ್ ಬದಲಾಯಿಸಿದೆ. ಎಂಜಿನ್ ಇಳಿಸಿದೆ, ಏರಿಸಿದೆ. ಹೊಯ್ದಾಟ ನಿಲ್ಲಲಿಲ್ಲ. ಸರಿ ಅಂತ 300 ಬಿಚ್ಚಿ ಅದೇ ಹಳೇ 250 ಕೂರಿಸಿದೆ. ನಾವಿಬ್ಬರೂ ರಜೆಯಲ್ಲಿ ಓಡಿಸಿದ್ದೇ. ಆಗ ಮೇಜಿನ ಹಾಗೆ ಹೋಗಿದ್ದ ಬೋಟು ಈಗ ಅದರಲ್ಲೂ ತೊಯ್ದಾಡುತ್ತಿದೆ. ಅದೇ ನೀರು, ಅದೇ ಎಂಜಿನ್, ಅದೇ ನಾನು. ಅಂದಮೇಲೆ ಬಾಡಿ ಬಾಗಿರಬೇಕು. ಫೈಬರ್ ಗಟ್ಟಿಯಾಗುವ ಮೊದಲೇ ಅಚ್ಚಿನಿಂದ ಬಿಡಿಸಿದೆನೇನೋ. ತಲೆಕೆಳಗೆ ಹಾಕಿ, ತಳಕ್ಕೆ ಉದ್ದನೆ ನೇರ ಪಟ್ಟಿ ಹಿಡಿದು ಸಂದಿಯಲ್ಲಿ ಕೂದಲೆಳೆಯಷ್ಟಾದರೂ ಬೆಳಕು ಬರುತ್ತಾ ಅಂತ ನೋಡಿದೆ. ಎಲ್ಲೂ ಬರಲ್ಲ. ನೆಟ್ಟಗಿದೆ. ಕಣ್ಣಿಗೆ ವಯಸ್ಸಾಯಿತೋ, ಕೈಗೋ ಗೊತ್ತಾಗುತ್ತಿಲ್ಲ.

ಡಾಕ್ಟರು 28ನೇ ತಾರೀಕು ಭಾನುವಾರ ಬೆಳಿಗ್ಗೆ ಸ್ನೇಹಿತರನ್ನು ಕರೆದುಕೊಂಡು ಬರ್ತಾರೆ. 300 ಹಾಕಿ ಅವರ ಮುಂದೆ ಪೂರ್ತಿ ತೆರೆದುಬಿಡೋದು ಅಂತ ತೀರ್ಮಾನ ಮಾಡಿದ್ದೀನಿ. ಅರ್ಧಂಬರ್ಧ ಶಕ್ತಿಯಲ್ಲಿ ಹೊಯ್ದಾಡುವ ಬೋಟು, ಇನ್ನೊಂದು ಗುಕ್ಕು ಥ್ರಾಟಲ್ ಕೊಟ್ಟರೆ ಅದನ್ನು ದಾಟಿ ನೆಟ್ಟಗಾಗುತ್ತೆ ಅಂತಾರೆ. ಆಚೆ ದಡದವನು ಹಾಗೇ ಮಾಡ್ತಾನೆ. ಆಮೇಲೆ ತಗಡಿಗೆ 300 ಹೊಡೆದು ಕೈ ತೊಳ್ಕೋತೀನಿ.

ಟ್ರಯಲ್ ದಿನ ಅಮ್ಮ ದಡದಿಂದ ತೆಗೆದ ಫೋಟೊ ಇದರ ಜೊತೆ ಇಟ್ಟಿದ್ದೀನಿ. ಶೆಡ್ಡಿನ ಗೋಡೆಗೆ ಪ್ರಿಂಟ್ ಹಾಕಿಸಿದಾಗ ನಿನಗೂ ಒಂದು ಅಂದಳು.

ಅಪ್ಪ

ಸೆಪ್ಟೆಂಬರ್ 25

ಅಪ್ಪಾ,

ಇದನ್ನು ಕೊರಿಯರ್‌ನಲ್ಲಿ ಹಾಕುತ್ತಿದ್ದೇನೆ. ಶನಿವಾರ ನಿನ್ನ ಕೈ ಸೇರಬೇಕು. ವಾರ್ಡನ್ ಕಾಲು ಹಿಡಿದು ಆಫೀಸಿನ ಫೋನಿನಿಂದ ಅಮ್ಮನಿಗೂ ಹೇಳಿದ್ದೇನೆ. ಆದರೆ ಅಮ್ಮ ಹೇಳಿದರೆ ಹೆಂಗಸರ ಹೆದರಿಕೆ ಎಂದು ತಳ್ಳಿಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಂತುಕೊಂಡು ಓದಬೇಡ, ಕೂತು ಓದು.

ಬಾಡಿ ಬಾಗಿಲ್ಲ. ನಿನ್ನ ಕೈಗೂ ಏನೂ ಆಗಿಲ್ಲ.

ಫೋಟೊ ಬಂದಾಗಿನಿಂದ ಅದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಎಂಜಿನ್ ನೋಡಿದೆ, ಹಿಂದೆ ಏಳುತ್ತಿದ್ದ ನೀರು ನೋಡಿದೆ, ಮೇಲೆದ್ದ ಮೂತಿ ನೋಡಿದೆ. ಏನೋ ತಪ್ಪಿದೆ ಅನ್ನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ನಿನ್ನೆ ಅಲಾರಂ ಬಟ್ಟೆ ಮಡಚುತ್ತಾ ಫೋಟೊ ಎತ್ತಿ ನೋಡಿ, ಬೆರಳಿಟ್ಟು ಕೇಳಿದಳು, "ಇಲ್ಲಿ ಯಾರು ಕೂರೋದು?"

ಮುಂದಿನ ಎಡ ಸೀಟು. ಖಾಲಿ ಸೀಟು.

ಅಪ್ಪ, ನಾನಿಲ್ಲದೆ ನೀನು ಒಂದಾದರೂ ಬೋಟನ್ನು ಟ್ರಯಲ್ ಮಾಡಿದ್ದೀಯಾ? ನೆನಪು ಮಾಡಿಕೋ. ಎಲ್ಲ ಟ್ರಯಲ್‌ಗಳೂ ನನ್ನ ರಜೆಯಲ್ಲೇ ಆದವು. ನೀರು ಆಗ ಶಾಂತವಾಗಿರುತ್ತದೆ ಎಂದು ನೀನು ಹೇಳುತ್ತಿದ್ದೆ. ನೀರು ಶಾಂತವಾಗುವುದು ರಜೆ ಮುಗಿದ ಮೇಲೆ ಎಂದು ಅಮ್ಮ ಒಮ್ಮೆ ಹೇಳಿದ್ದಳು. ನೀನು ಕೇಳಿಸದವನಂತೆ ಪ್ರೊಪೆಲ್ಲರ್ ಒರೆಸುತ್ತಿದ್ದೆ. ಮೂಟೆ ಇಡಬೇಕು ಎಂಬುದೇ ನಮಗೆ ಮರೆತುಹೋಗಿದೆ, ಯಾಕೆಂದರೆ ಮೂಟೆ ತಾನಾಗಿಯೇ ನಡೆದು ಬಂದು ಕೂರುತ್ತಿತ್ತು. ಹಿಂದಿನವೆಲ್ಲ ಸಣ್ಣ ಎಂಜಿನ್‌ಗಳು, ಯಾರು ಇದ್ದರೂ ಇಲ್ಲದಿದ್ದರೂ ನಡೆಯುತ್ತಿತ್ತು. ಈ ಬೋಟು ಹಾಗಲ್ಲ. ಮುಂದೆ ಭಾರವಿಲ್ಲದಿದ್ದರೆ ಮೂತಿ ಏಳುತ್ತದೆ, ಮೂತಿ ಎದ್ದರೆ ನೀರಿಗೆ ತಗುಲಿಕೊಂಡಿರುವ ತಳ ಅಂಗೈಯಷ್ಟಾಗುತ್ತದೆ, ಅದರ ಮೇಲೆ ನಿಲ್ಲಲಾರದೆ ಬೋಟು ಹೊಯ್ದಾಡುತ್ತದೆ. ಮೇಲಿಂದ 300 ಎಂಜಿನ್ 250ಕ್ಕಿಂತ ತೂಕ, ಅದೂ ಕೂರುವುದು ತುದಿ ಹಿಂದೆ. ಮುಂದಿನ ಮೂಟೆ ಹಾಸ್ಟೆಲ್‌ಗೆ ಹೋಯಿತು, ಹಿಂದೆ ಇನ್ನೊಂದು ಮೂಟೆ ಬಂದು ಕೂತಿತು. ಇನ್ನೊಂದು ಗುಕ್ಕು ಕೊಟ್ಟರೆ ಅದು ನೆಟ್ಟಗಾಗುವುದಿಲ್ಲ ಅಪ್ಪ, ಮಗುಚುತ್ತದೆ.

ಆಚೆ ದಡದವನು ಏನಾದರೂ ಮಾಡಿಕೊಳ್ಳಲಿ. ನೀನು ಭಾನುವಾರ ಒಬ್ಬನೇ 300 ತೆರೆಯಬೇಡ. ಬೇಕಿದ್ದರೆ ನಾನು ಲೆಕ್ಕದಲ್ಲಿ ದಡ್ಡಿ ಎಂದುಕೋ, ಆದರೆ ಒಂದು ಸಲ ಮುಂದೆ ಭಾರ ಇಟ್ಟು ನೋಡು.

ಭಾನುವಾರ ಮಧ್ಯಾಹ್ನ ಫೋನು ಕೊಡುತ್ತಾರೆ. ಅಮ್ಮನ ಹತ್ತಿರ ಒಂದೇ ಒಂದು ಮಾತು ಹೇಳಿಸು.

ಮೂಟೆ

ಅಕ್ಟೋಬರ್ 2

ಮೂಟೆಗೆ,

ಅಮ್ಮ ಫೋನಿನಲ್ಲಿ "ನಿಮ್ಮಪ್ಪ ಒಣಗಿದ ಬಟ್ಟೆಯಲ್ಲೇ ಮನೆಗೆ ಬಂದ" ಅಂದದ್ದು ಸಾಕಾಯಿತಂತೆ ನಿನಗೆ. ಪೂರ್ತಿ ಕೇಳು.

ಕೊರಿಯರ್ ಶನಿವಾರ ಸಂಜೆ ಬಂತು. ಓದಿ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಹೊಟ್ಟೆಯಲ್ಲಿದ್ದಾಗಿನಿಂದ ನೋಡಿದ ಹುಡುಗಿ ನನಗೆ ಬೋಟು ಹೇಳಿಕೊಡೋದಾ ಅಂತ ಪತ್ರವನ್ನು ಟೂಲ್ ಡಬ್ಬದಲ್ಲಿ ತುರುಕಿ ಶಟರ್ ಎಳೆದೆ. ಅಮ್ಮ ರಾತ್ರಿ ನಿನ್ನ ಲಕೋಟೆಯನ್ನು ನನ್ನ ತಟ್ಟೆ ಪಕ್ಕ ಇಟ್ಟಳು. ಅದನ್ನು ನೋಡ್ತಾನೇ ಊಟ ಮಾಡಿದೆ.

ಭಾನುವಾರ ಬೆಳಿಗ್ಗೆ ಡಾಕ್ಟರು ಬಂದರು. ಬಿಳಿ ಪ್ಯಾಂಟು, ಕಪ್ಪು ಕನ್ನಡಕ, ಹಿಂದೆ ನಾಲ್ಕು ಜನ ಸ್ನೇಹಿತರು. 300 ಕೂರಿಸಿ ರೆಡಿ ಇತ್ತು. ಕೀ ಹಾಕುವಾಗ ಕಣ್ಣು ಮುಂದಿನ ಸೀಟಿಗೆ ಹೋಯಿತು. ಡಾಕ್ಟರೇ ಬನ್ನಿ, ನಿಮ್ಮ ಬೋಟಿನಲ್ಲಿ ನೀವೇ ಮುಂದೆ ಕೂತ್ಕೊಳ್ಳಿ ಅಂದೆ. ಕೂತರು. ಸೀಟು ಒಂದು ಸಲ ನರಳಿತು. ಥ್ರಾಟಲ್ ಮುಕ್ಕಾಲು ದಾಟಿದೆ, ಮೂತಿ ಏಳಲಿಲ್ಲ, ಹೊಯ್ದಾಟ ಇಲ್ಲ. ಡಾಕ್ಟರು ಮಗುವಿನ ಹಾಗೆ ಕೇಕೆ ಹಾಕುತ್ತಿದ್ದರು. ಆಮೇಲೆ ಅವರನ್ನು ದಡಕ್ಕೆ ಬಿಟ್ಟು ಒಬ್ಬನೇ ಹೋದೆ. ಪೂರ್ತಿ ತೆರೆಯಲಿಲ್ಲ, ಹೆದರಬೇಡ. ಅರ್ಧ ದಾಟುತ್ತಿದ್ದ ಹಾಗೇ ಕಾಲಡಿ ಸಣ್ಣಗೆ ತೊಯ್ದಾಟ ಶುರುವಾಯಿತು. ಅಲ್ಲೇ ಇಳಿಸಿ, ಮೆಲ್ಲಗೆ ವಾಪಸು ಬಂದೆ. ಡಾಕ್ಟರು ಯಾಕೆ ಅಂದರು. ಸದ್ಯಕ್ಕೆ ಇಷ್ಟೇ ಅಂದೆ.

ಡಾಕ್ಟರು ಮೂಟೆ ಆಗಿ ನಿನಗಿಂತ ವಾಸಿ. ಆದರೆ ಅವರು ಎರಡಾಳು ತೂಕ, ಅವರನ್ನು ನಂಬಿ ಅಂಕಿ ಹೊಡೆಯೋಕಾಗಲ್ಲ. ಈಗ ಮರಳು ತುಂಬಿ ಒಂದೊಂದೇ ಎಂಜಿನ್ ಹಾಕಿ ಸರಿಯಾಗಿ ನೋಡಬೇಕು. ಅದಕ್ಕೆ, ರಜೆಯಲ್ಲಿ ನೀನು ಎಷ್ಟು ತೂಕ ಇದ್ದೆ ಬರಿ. ಈಗ ಎಷ್ಟು ಇದ್ದೀಯ ಅದೂ ಬರಿ. ಹಾಸ್ಟೆಲ್ ಊಟ ಚೆನ್ನಾಗಿದೆ ಅಂತೀಯ, ಏರಿರ್ತೀಯ. ನಾಚಿಕೆ ಪಡಬೇಡ, ಇದು ಕೆಲಸದ ಮಾತು.

ಅಪ್ಪ

ಅಕ್ಟೋಬರ್ 19

ಅಪ್ಪನಿಗೆ,

ಕಾಲೇಜು ಸೇರಿದ ವಾರ ಮೆಡಿಕಲ್ ಮಾಡಿಸಿದಾಗ 53 ಕಿಲೋ ಇದ್ದೆ. ರಜೆಯಲ್ಲೂ ಅಷ್ಟೇ ಎಂದು ಇಟ್ಟುಕೋ. ಮೂಟೆಗೆ 53 ತುಂಬು.

ಇಲ್ಲಿಗೆ ನಿಲ್ಲಿಸಿ ಪತ್ರ ಅಂಟಿಸಿದ್ದೆ. ಆಮೇಲೆ ಒಡೆದೆ. ಇದು ಎರಡನೇ ಲಕೋಟೆ. ನೀನು ಎರಡು ಪ್ರಶ್ನೆ ಕೇಳಿದ್ದೀಯ.

ಈಗ 45.

ಕಾಯಿಲೆ ಏನೂ ಇಲ್ಲ. ಹೆಲ್ತ್ ಸೆಂಟರ್ ನರ್ಸು ಎಲ್ಲ ನೋಡಿದರು. ಮೆಸ್‌ನಲ್ಲಿ ಊಟ ನಿಜವಾಗಿಯೂ ಚೆನ್ನಾಗಿದೆ, ಅದು ಸುಳ್ಳಲ್ಲ. ಆದರೆ ತಟ್ಟೆ ಹಿಡಿದು ಕೂತರೆ ಸುತ್ತ ಎಲ್ಲರೂ ಅವತ್ತಿನ ಪಾಠದ ಬಗ್ಗೆ ಮಾತಾಡುತ್ತಿರುತ್ತಾರೆ. ನನಗೆ ಗೊತ್ತಿಲ್ಲದ್ದು ಇನ್ನೂ ಎಷ್ಟಿದೆಯೋ ಎಂದು ಕೇಳುತ್ತಾ ಕೂತಿರುತ್ತೇನೆ, ತುತ್ತು ಕಲಸಿದ್ದು ಕಲಸಿದ ಹಾಗೇ ಉಳಿಯುತ್ತದೆ. ಹಾಗಾಗಿ ಜನ ಇಲ್ಲದ ಹೊತ್ತಿನಲ್ಲಿ ಹೋಗತೊಡಗಿದೆ. ಜನ ಇಲ್ಲದ ಹೊತ್ತಿನಲ್ಲಿ ಊಟವೂ ಇರುವುದಿಲ್ಲ. ಅಲಾರಂ ಬಿಸ್ಕತ್ತು ತಂದಿಡುತ್ತಾಳೆ, ತಿಂದೆ ಎಂದು ಹೇಳಿ ಡ್ರಾಯರಿನಲ್ಲಿಡುತ್ತೇನೆ. ಡ್ರಾಯರು ಈಗ ಮುಚ್ಚುವುದಿಲ್ಲ.

ಸ್ಕೂಲ್ ಹಾಸ್ಟೆಲ್‌ನಲ್ಲಿ ಹೀಗಾಗಿರಲಿಲ್ಲ. ಅಲ್ಲಿ ರಜೆ ಯಾವಾಗ ಎಂದು ಗೊತ್ತಿರುತ್ತಿತ್ತು, ರಜೆಗೆ ನೀರಿಗಿಳಿಯುವ ಬೋಟೊಂದು ಕಾಯುತ್ತಿತ್ತು. ಅಲ್ಲಿ ನನಗೆ ಕೆಲಸವಿತ್ತು, ಸುಮ್ಮನೆ ಕೂರುವ ಕೆಲಸವಾದರೂ ಸರಿ. ಇಲ್ಲಿ ನಾನು ಎದ್ದು ಹೋದರೆ ಯಾವ ಬೆಂಚೂ ವಾಲುವುದಿಲ್ಲ.

ನಿನ್ನ ಫೋಟೊದಲ್ಲಿ ಖಾಲಿ ಸೀಟು ಕಂಡ ದಿನ ಹೆದರಿಕೆಯ ಜೊತೆ ಇನ್ನೊಂದು ಆಯಿತು. ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ. ಖುಷಿಯಾಯಿತು ಅಪ್ಪ.

ಅಮ್ಮನಿಗೆ 45 ಎಂದು ಹೇಳಬೇಡ. ಅವಳು ಹೇಗೂ ಓದುತ್ತಾಳೆ ಎಂದು ಗೊತ್ತು, ಆದರೂ.

ಮೂಟೆ

ನವೆಂಬರ್ 6

ಮೂಟೆಗೆ,

ಪತ್ರ ಬರೆಯೋಕೆ ತಡ ಆಯಿತು. ಎರಡು ಹಾಳೆ ಬರೆದು ಹರಿದೆ.

ಮೊದಲು ಕೆಲಸದ ಮಾತು. 53ರ ಮೂಟೆ ಮುಂದಿಟ್ಟು 250 ಓಡಿಸಿದೆ. ಮೇಜು. ರಜೆಯಲ್ಲಿ ಹೋದ ಹಾಗೇ ಹೋಯಿತು. ಮೂಟೆ ತೆಗೆದೆ, ಹೊಯ್ದಾಟ. ನೀನು ಬರೆದದ್ದು ಅಕ್ಷರಕ್ಕೆ ಅಕ್ಷರ ಸರಿ. ಹಾಗಾದರೆ 250 ಹೊಡೆದು, ಮುಂದೆ ಯಾರನ್ನಾದರೂ ಕೂರಿಸಿಕೊಂಡೇ ಹೋಗಿ ಅಂತ ಡಾಕ್ಟರಿಗೆ ಹೇಳಬಹುದಿತ್ತು. ಯಾವಾಗಲೂ ಯಾರಾದರೂ ಮುಂದೆ ಇದ್ದೇ ಇರುತ್ತಾರೆ ಅಂತ ನಂಬಿ ತಾನೇ ನಾನು ಇಷ್ಟು ವರ್ಷ ಬೋಟು ಕಟ್ಟಿದ್ದು. ಒಬ್ಬನೇ ಇರೋ ದಿನ, ಟ್ಯಾಂಕು ತಳ ಮುಟ್ಟಿದ ದಿನ, ಬೋಟು ಅತಿ ಹಗುರಾಗಿರೋ ದಿನ, ಅವತ್ತಿಗೆ ತಡೆಯೋ ಅಂಕಿ ಹೊಡೆಯಬೇಕು. 200 ಹಾಕಿ ಒಬ್ಬನೇ ಹೋದೆ. ಮುಂದಿನ ಸೀಟಿನ ಮೇಲೆ ಒಂದು ಲೋಟ ನೀರು ಇಟ್ಟುಕೊಂಡಿದ್ದೆ. ತುಳುಕಲಿಲ್ಲ.

ತಗಡಿಗೆ 200 ಹೊಡೆದೆ. ಡಾಕ್ಟರ ಮುಖ ಸಣ್ಣಗಾಯಿತು. ಕ್ಲಿನಿಕ್ಕಿಗೆ ಬರೋವರ ಹತ್ತಿರ 200 ಅಂತ ಹೇಗೆ ಹೇಳಲಿ ಅಂದರು. ಬಾಯಿ ತೆರೆದು ಕೂತವರು ಎದುರು ಮಾತಾಡಲ್ಲ ಬಿಡಿ ಅಂದೆ. ನಗಲಿಲ್ಲ. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದರು. ಆಯಮ್ಮ ಒಬ್ಬರೇ ಓಡಿಸಿಕೊಂಡು ಒಂದು ಸುತ್ತು ಹೋಗಿ ಬಂದು, ಇದು ನನಗೆ ಅಂದರು. ಮುಗೀತು.

ಇನ್ನೊಂದು. ಟ್ರಯಲ್ ಎಲ್ಲ ಮುಗಿದ ದಿನ ಮಧ್ಯಾಹ್ನ 53ರ ಮೂಟೆ ಬಿಚ್ಚಿ, ತಕ್ಕಡಿ ಮೇಲಿಟ್ಟು, 45 ಬರೋವರೆಗೆ ಮರಳು ತೆಗೆದೆ. ಯಾಕೆ ಅಂತ ಕೇಳಬೇಡ, ಬೋಟಿಗೆ ಬೇಕಾಗಿರಲಿಲ್ಲ. ಕಟ್ಟಿ ಎತ್ತಿದೆ. ನೋವಿರೋ ಭುಜಕ್ಕೇ ಸಲೀಸಾಗಿ ಎದ್ದುಬಿಟ್ಟಿತು. ಅಷ್ಟು ಸಲೀಸಾಗಿ ಏಳಬಾರದಿತ್ತು ಅದು. ಇಳಿಸಿ, ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ. ಅಮ್ಮ ಬಂದು ನೋಡಿ, ಕಾಫಿ ಇಟ್ಟು ಹೋದಳು.

"ತಗೋ, ತಡೆಯುತ್ತೆ" ಅಂತ ಎರಡು ಸಬ್ಜೆಕ್ಟ್ ಹೆಚ್ಚಿಗೆ ಹಾಕಿಸಿದ್ದು ನಾನು ಅಂತ ಅಮ್ಮ ನೆನಪು ಮಾಡಿದಳು. ಅವತ್ತು ನಿನ್ನನ್ನೂ ಇಬ್ಬರು ಕೂತ ಲೆಕ್ಕದಲ್ಲಿ ನೋಡಿದ್ದೆ. ಸಬ್ಜೆಕ್ಟ್ ಇಳಿಸೋದಾದರೆ ಇಳಿಸು. ಬಂದುಬಿಡ್ತೀನಿ ಅಂದರೆ ಬಾ. ಇರ್ತೀನಿ ಅಂದರೆ ಇರು. ಈ ಸಲ ಬರಬೇಡ ಅಂತ ನಾನು ಬರೆಯಲ್ಲ.

ತೆಗೆದ ಮರಳನ್ನು ಚೆಲ್ಲಿಲ್ಲ. ಸಣ್ಣ ಚೀಲಕ್ಕೆ ಹಾಕಿ ಶಟರ್ ಪಕ್ಕ ಇಟ್ಟಿದ್ದೀನಿ. ದಿನಾ ಕಾಲಿಗೆ ತೊಡರುತ್ತೆ. ಅಮ್ಮ ಬೇರೆ ಕಡೆ ಇಡಿ ಅಂತಾಳೆ. ಇಡಲ್ಲ. ಅದು ನಿನ್ನದು.

ಅಪ್ಪ

ನವೆಂಬರ್ 23

ಅಪ್ಪನಿಗೆ,

ಒಂದು ಸಬ್ಜೆಕ್ಟ್ ಬಿಟ್ಟೆ. ಇನ್ನೊಂದನ್ನು ಬಿಡಲೋ ಇಟ್ಟುಕೊಳ್ಳಲೋ ಎಂದು ಇವತ್ತು ಬೆಳಿಗ್ಗೆಯೂ ಕಾರಿಡಾರಿನಲ್ಲಿ ಓಡಾಡಿದೆ, ಇನ್ನೂ ಗೊತ್ತಾಗಿಲ್ಲ. ಕಾಲು ಕುಣಿಯುವುದು ನಿಂತಿಲ್ಲ. ಮನೆಗೆ ರಜೆಗೇ ಬರುತ್ತೇನೆ, ಅದಕ್ಕೆ ಮುಂಚೆ ಬರುವುದಿಲ್ಲ ಎಂದು ಇವತ್ತಿಗೆ ಅನ್ನಿಸುತ್ತಿದೆ. ನಾಳೆಯದು ನಾಳೆ.

ಅಲಾರಂಗೆ ನಿನ್ನ ಪತ್ರ ಓದಿಸಿದೆ. ಅವಳು ಡ್ರಾಯರು ಎಳೆದು, ಬಿಸ್ಕತ್ತಿನ ಪೊಟ್ಟಣಗಳನ್ನೆಲ್ಲ ಹಾಸಿಗೆ ಮೇಲೆ ಸುರಿದು, ನನ್ನನ್ನು ಮೆಸ್‌ಗೆ ಎಳೆದುಕೊಂಡು ಹೋದಳು. ಈಗ ದಿನಾ ಎಳೆದುಕೊಂಡು ಹೋಗುತ್ತಾಳೆ. ಊಟಕ್ಕೆ ಮಾತ್ರ ಒಂದೇ ಅಲಾರಂಗೆ ಏಳುತ್ತಾಳೆ. ಅವಳ ಎದುರು ಗೋಡೆಗೆ ಮುಖ ಮಾಡಿ ಕೂತರೆ ಪಾಠದ ಮಾತು ಅಷ್ಟಾಗಿ ಕೇಳಿಸುವುದಿಲ್ಲ.

ನಿನ್ನೆ ನರ್ಸು ಮತ್ತೆ ತೂಕ ನೋಡಿದರು. ಚಪ್ಪಲಿ ಬಿಚ್ಚಿಯೇ ನಿಂತಿದ್ದೆ.

ಆ ಸಣ್ಣ ಚೀಲದಿಂದ ಅರ್ಧ ಕಿಲೋ ತೆಗೆದು ಮೂಟೆಗೆ ಹಾಕು.

ನಿನ್ನ
ಮೂಟೆ